ಗ್ರಾಫ್ಟ್ ಇರುವ ಹೊಟ್ಟೆಯ ಲೆಕ್ಕವೇ ಬೇರೆ

ಎದೆಯಿಂದ ಹೊಟ್ಟೆಗಿಳಿಯುವ ಮಹಾಧಮನಿಯ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಗೋಡೆ ಸಡಿಲಾಗಿ 3 ಸೆಂ.ಮೀ. ದಾಟಿದರೆ ಅದು ಅನ್ಯೂರಿಸಂ; ಗಂಡಸರಲ್ಲಿ 5.5 ಸೆಂ.ಮೀ. ಮುಟ್ಟಿದರೆ ಒಡೆಯುವ ಮೊದಲೇ ರಿಪೇರಿ ಮಾಡಿಸಿ ಎನ್ನುತ್ತಾರೆ ವೈದ್ಯರು. ವಯಸ್ಸಾದ, ಬೀಡಿ-ಸಿಗರೇಟಿನ ಚಟವಿರುವ ಗಂಡಸರಲ್ಲೇ ಇದು ಹೆಚ್ಚು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯವರು ಇಂಥ ದೊಡ್ಡ ಆಪರೇಷನ್ನಿಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗುತ್ತಾರೆ. ಊರಿಗೆ ಮರಳಿ, ಗಾಯ ಮಾಗಿದ ಮೇಲೆ ಫೈಲು ಟ್ರಂಕು ಸೇರುತ್ತದೆ. ಅದು ಸೇರಬಾರದೆಂಬುದೇ ನನ್ನ ವಾದ. ರಿಪೇರಿಯ ನಂತರದ ತೊಡಕುಗಳು ಅಪರೂಪ, ನಿಜ. ಆದರೆ ಅವು ತಲೆಯೆತ್ತುವುದು ಎಷ್ಟೋ ವರ್ಷಗಳ ನಂತರ, ಆಪರೇಷನ್ ಮಾಡಿದ ಸರ್ಜನ್ ಹತ್ತಿರವಿಲ್ಲದಾಗ, ಬೇರೆ ಕಾಯಿಲೆಯ ವೇಷದಲ್ಲಿ.

ವಿಜ್ಞಾನಿ ಐನ್‌ಸ್ಟೈನ್ ಅವರ ಉಬ್ಬಿದ ಧಮನಿಗೆ ಸರ್ಜನ್ ರುಡಾಲ್ಫ್ ನಿಸ್ಸೆನ್ 1948ರಲ್ಲಿ ಸೆಲೋಫೇನ್ ಹಾಳೆ ಸುತ್ತಿದ್ದರು. 1955ರ ಏಪ್ರಿಲ್‌ನಲ್ಲಿ ಅದು ಒಡೆದಾಗ, ನೋವು ಪಿತ್ತಕೋಶದ್ದೆಂದೇ ಮೊದಲು ಅನುಮಾನ ಬಂದಿತ್ತು. ಇಂದಿನ ಚಿಕಿತ್ಸೆ ಅದಕ್ಕಿಂತ ಎಷ್ಟೋ ಗಟ್ಟಿ. ತೊಡೆಸಂದಿಯ ರಕ್ತನಾಳದ ಮೂಲಕ ಧಮನಿಯೊಳಗೆ ಸ್ಟೆಂಟ್ ಗ್ರಾಫ್ಟ್ ಎಂಬ ಕೃತಕ ನಳಿಕೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಮನೆಗೆ ಬರಬಹುದು. ಆದರೂ ಬ್ರಿಟನ್ನಿನ ಇವಾರ್-1 ಅಧ್ಯಯನ ರೋಗಿಗಳನ್ನು 15 ವರ್ಷ ಗಮನಿಸಿ 2016ರಲ್ಲಿ ಕಂಡುಕೊಂಡದ್ದು ಬೇರೆಯೇ: ಹೊಟ್ಟೆ ಕೊಯ್ದು ರಿಪೇರಿ ಮಾಡಿಸಿಕೊಂಡವರಿಗಿಂತ ಮೊದಲ ಆರು ತಿಂಗಳು ಸ್ಟೆಂಟಿನವರಲ್ಲಿ ಸಾವು ಕಡಿಮೆ, ಎಂಟು ವರ್ಷ ದಾಟಿದ ಮೇಲೆ ಅವರಲ್ಲೇ ಹೆಚ್ಚು. ಹಳೆಯ ಉಬ್ಬು ರಿಪೇರಿಯ ನಂತರವೂ ಒಡೆದದ್ದು ಅದಕ್ಕೊಂದು ಕಾರಣ. ನಾಲೆಯ ಲೈನಿಂಗ್ ಹಿಂದೆ ನೀರು ನುಸುಳಿದರೆ ಏನಾಗುತ್ತದೆಂದು ತುಂಗಭದ್ರಾ ಎಡದಂಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಗ್ರಾಫ್ಟಿನ ಹೊರಗೆ ರಕ್ತ ನುಸುಳುವ ಎಂಡೋಲೀಕ್ ಕೂಡ ಹಾಗೆಯೇ, ಹೆಚ್ಚಿನವರಿಗೆ ಗೊತ್ತೇ ಆಗದಂತೆ ನಡೆಯುತ್ತದೆ.

ಅಪರೂಪದ್ದನ್ನು ಹೇಳಿ ಯಾಕೆ ಹೆದರಿಸುತ್ತೀರಿ ಎನ್ನಬಹುದು. ಗ್ರಾಫ್ಟ್ ಸಣ್ಣ ಕರುಳಿಗೆ ಉಜ್ಜಿ ತೂತು ಬೀಳುವ ತೊಡಕನ್ನೇ ನೋಡಿ. ನೂರಕ್ಕೆ ಒಬ್ಬಿಬ್ಬರಿಗೂ ಬರುವುದು ಕಷ್ಟ. ಆದರೆ ಭಾರಿ ರಕ್ತಸ್ರಾವಕ್ಕೆ ಮುಂಚೆ ಎಷ್ಟೋ ಸಲ ಸ್ವಲ್ಪ ರಕ್ತ ವಾಂತಿಯಲ್ಲೋ ಡಾಂಬರಿನಂತಹ ಮಲದಲ್ಲೋ ಹೋಗಿ ತಾನಾಗಿ ನಿಲ್ಲುತ್ತದೆ. ಅಲ್ಸರ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಆ ಬಿಡುವು ಕೈತಪ್ಪಿತು. ಗ್ರಾಫ್ಟ್ ಇದೆಯೆಂದು ಗೊತ್ತಿದ್ದ ವೈದ್ಯರು ತಕ್ಷಣ ಸಿಟಿ ಆಂಜಿಯೋಗ್ರಾಂಗೆ ಬರೆಯುತ್ತಾರೆ. ಕಾರಣವಿಲ್ಲದೆ ಬಿಡದ ಜ್ವರ ಗ್ರಾಫ್ಟಿನ ಸೋಂಕಿರಬಹುದು. ಒಂದು ಕಾಲು ಒಮ್ಮೆಗೇ ತಣ್ಣಗಾಗಿ ಜೋಮು ಹಿಡಿದರೆ ಗ್ರಾಫ್ಟಿನ ಕವಲು ಕಟ್ಟಿಕೊಂಡಿರಬಹುದು. ಕಾಲು ಉಳಿಸಲು ಸಿಗುವುದು ಗಂಟೆಗಳ ಅವಧಿಯಷ್ಟೇ. ಕೂಲಿ ಬಿಟ್ಟು ವರ್ಷವರ್ಷ ಬೆಂಗಳೂರಿಗೆ ಹೋಗುವುದಾಗುತ್ತದೆಯೇ ಎಂಬ ಪ್ರಶ್ನೆ ಹೆಚ್ಚು ನ್ಯಾಯವಾದದ್ದು. ಪ್ರತಿಸಲವೂ ಹೋಗಬೇಕಿಲ್ಲ. ಉಬ್ಬಿನ ಅಳತೆಯನ್ನು ರಾಯಚೂರಿನಲ್ಲೇ ಅಲ್ಟ್ರಾಸೌಂಡ್‌ನಿಂದ ನೋಡಿಸಬಹುದು, ಸರ್ಜನ್ನರ ಸಲಹೆಯಂತೆ. ಬೆಳೆದಿದ್ದರೆ ಅಥವಾ ಅವರು ಕರೆದರೆ ಮುಂದಿನ ಓಡಾಟ. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಜೇಬಿನಲ್ಲಿರಲಿ. ತಾಲ್ಲೂಕು ಆಸ್ಪತ್ರೆಗೆ ಯಾವ ಕಾರಣಕ್ಕೆ ಹೋದರೂ, ಹೊಟ್ಟೆಯಲ್ಲಿ ಗ್ರಾಫ್ಟ್ ಇದೆ ಎಂದು ಮೊದಲ ಮಾತಿಗೇ ಹೇಳಿ.