ಜ್ವರ ಬಿಡಿಸುವ ಪ್ರಾರ್ಥನೆ

ಒಂದು ಗೇಣು ಉದ್ದ, ಮೂರು ಬೆರಳಿಗಿಂತ ಕಡಿಮೆ ಅಗಲ. ಆ ಪಪೈರಸ್ ಪಟ್ಟಿ ಇಷ್ಟೇ. ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಮಣ್ಣಿನಿಂದ ಅದು ಹೊರಬಂದಾಗ ಒತ್ತೊತ್ತಾಗಿ ಮಡಚಿ, ದಾರ ಸುತ್ತಿ ಕಟ್ಟಿದ ಹಾಗೆಯೇ ಇತ್ತು. ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ಗೆಳೆಯರು 1896ರಿಂದ 1907ರವರೆಗೆ ಆ ಊರಿನ ಹಳೆಯ ಕಸದ ದಿಬ್ಬಗಳನ್ನು ಅಗೆದು ರಾಶಿ ರಾಶಿ ಹಾಳೆ ತೆಗೆದರು. ಸಾಲಪತ್ರ, ತೆರಿಗೆ ರಸೀದಿ, ಕಳೆದುಹೋಗಿದ್ದ ಕಾವ್ಯದ ತುಣುಕು, ಮನೆಯವರಿಗೆ ಬರೆದ ಕಾಗದ ಎಲ್ಲವೂ ಅದರಲ್ಲಿದ್ದವು. ಈ ಕಟ್ಟು ಒಂದು ತಾಯಿತ. ಕ್ರಿ.ಶ. ಐದನೆಯ ಶತಮಾನದ್ದು. ಹಂಟ್ ಅದನ್ನು ಓದಿ 1911ರಲ್ಲಿ ಪ್ರಕಟಿಸಿದರು.

ತಾಯಿತ ಶುರುವಾಗುವುದೇ ಗದರಿಕೆಯಿಂದ. ದ್ವೇಷ ತುಂಬಿದ ಆತ್ಮವೇ ಓಡು, ಕ್ರಿಸ್ತ ನಿನ್ನ ಬೆನ್ನು ಹತ್ತಿದ್ದಾನೆ ಎಂಬ ಅರ್ಥದ ಸಾಲುಗಳು ಮೊದಲು ಬರುತ್ತವೆ. ಮಂತ್ರವಾದಿ ಪೀಡೆಗೆ ಮುಖಾಮುಖಿ ನಿಂತು ಆಡುವ ಮಾತಿನ ಧಾಟಿ ಇದು. ಮರುಗಳಿಗೆಯಲ್ಲಿ ದನಿ ಬದಲಾಗುತ್ತದೆ. ಜೆರುಸಲೇಮಿನ ಕೊಳದ ಬಳಿ ಮೂವತ್ತೆಂಟು ವರ್ಷ ಕಾಯಿಲೆಯಿಂದ ಬಿದ್ದಿದ್ದವನನ್ನು ಯೇಸು ಎಬ್ಬಿಸಿದ ಕಥೆ ಶುಭಸಂದೇಶದಲ್ಲಿದೆಯಲ್ಲ, ಆ ಕೊಳದ ದೇವರನ್ನು ಕರೆದು, ನಿನ್ನ ದಾಸಿ ಯೊವಾನ್ನಿಯಾಳನ್ನು ಕಾಪಾಡು ಎಂದು ಬೇಡಿಕೊಳ್ಳುತ್ತದೆ. ಬಳಿಕ ಯೊವಾನ್ನನ ಶುಭಸಂದೇಶದ ಆರಂಭದ ವಚನಗಳು. ಆಮೇಲೆ ಜ್ವರಗಳ ಪಟ್ಟಿ: ದಿನವೂ ಬರುವುದು, ಮೂರನೆಯ ದಿನ ಮರುಕಳಿಸುವುದು, ನಾಲ್ಕನೆಯ ದಿನ ಮರುಕಳಿಸುವುದು, ಜೊತೆಗೆ ಬಗೆಬಗೆಯ ಚಳಿನಡುಕ. ನೈಲ್ ದಂಡೆಯ ಮಲೇರಿಯಾ ಹೀಗೆ ಲೆಕ್ಕ ಹಾಕಿ ಬರುತ್ತಿತ್ತೆಂದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ದೇವಮಾತೆ, ಮಹಾದೂತರು, ಸಂತ ಯೊವಾನ್ನ, ಸಂತ ಸೆರೆನಸ್, ಸಂತ ಫಿಲೊಕ್ಸೆನಸ್, ಸಂತ ವಿಕ್ಟರ್, ಸಂತ ಯುಸ್ತಸ್ ಇವರೆಲ್ಲರ ಮಧ್ಯಸ್ಥಿಕೆಯನ್ನು ಕೋರಿ ಬರಹ ಮುಗಿಯುತ್ತದೆ.

ಈ ಸಾಲುಗಳಲ್ಲಿ ಯಾವುದು ಮಂತ್ರ, ಯಾವುದು ಪೂಜೆಯ ಪ್ರಾರ್ಥನೆ? ಗೆರೆ ಎಳೆಯಲು ಹೋದವರಿಗೆ ಕೈ ತಡೆಯುತ್ತದೆ. ಗದರಿಕೆಯ ಸಾಲು ಮಾತ್ರ ಮಂತ್ರವಾದಿಯದು ಎನ್ನೋಣವೆಂದರೆ, ದೀಕ್ಷಾಸ್ನಾನಕ್ಕೆ ಮುನ್ನ ದೆವ್ವ ಬಿಡಿಸುವಾಗ ಗುರುಗಳೂ ಹಾಗೆಯೇ ಗದರುತ್ತಿದ್ದರು. ಸಂತರ ಸಾಲು ಶುದ್ಧ ಇಗರ್ಜಿಯ ಭಾಷೆ. ಹಳೆಯ ಮಾಂತ್ರಿಕರ ರೂಢಿ ಎದ್ದು ಕಾಣುವುದು ಒಂದು ಚಿಕ್ಕ ವಿವರದಲ್ಲಿ: ಯೊವಾನ್ನಿಯಾಳನ್ನು ತಂದೆಯ ಹೆಸರಿನಿಂದ ಗುರುತಿಸಿಲ್ಲ, ಯುಫೇಮಿಯಾ ಎಂಬ ಇನ್ನೊಂದು ಹೆಸರೂ ಇದ್ದ ಅನಸ್ತಾಸಿಯಾ ಹೆತ್ತ ಮಗಳು ಎಂದು ಬರೆದಿದೆ. ಕಾಗದಪತ್ರಗಳಲ್ಲಿ ತಂದೆಯ ಹೆಸರೇ ಮುಖ್ಯವಾಗಿದ್ದ ಆ ನಾಡಿನಲ್ಲಿ, ಮಂತ್ರದ ಬರಹಗಳು ಮಾತ್ರ ತಾಯಿಯ ಹೆಸರನ್ನು ಹಿಡಿಯುತ್ತಿದ್ದವು. ಜ್ವರಕ್ಕೂ ದೇವದೂತನಿಗೂ ವಿಳಾಸ ತಪ್ಪಬಾರದು. ಯಾರ ಹೊಟ್ಟೆಯಲ್ಲಿ ಹುಟ್ಟಿದವಳು ಎಂಬುದರಷ್ಟು ಖಚಿತವಾದ ಗುರುತು ಬೇರೆ ಯಾವುದಿದೆ?

ಪಟ್ಟಿಯಲ್ಲಿರುವ ಸಂತರು ಎಲ್ಲೋ ದೂರದವರಲ್ಲ. ಅದೇ ಊರಿನಲ್ಲಿ ಸಿಕ್ಕ ಇನ್ನೊಂದು ಪಪೈರಸ್ 535ರ ಅಕ್ಟೋಬರಿನಿಂದ 536ರ ಮಾರ್ಚ್‌ವರೆಗೆ ಯಾವ ದಿನ ಯಾವ ಇಗರ್ಜಿಯಲ್ಲಿ ಪೂಜೆ ನಡೆಯಬೇಕೆಂದು ಪಟ್ಟಿ ಕೊಡುತ್ತದೆ. ಸೆರೆನಸ್, ಫಿಲೊಕ್ಸೆನಸ್ ಮುಂತಾದವರ ಇಗರ್ಜಿಗಳು ಅಲ್ಲಿವೆ. ಹಬ್ಬದ ದಿನ ಜನ ಮೆರವಣಿಗೆಯಲ್ಲಿ ಹೋಗಿ ಸೇರುತ್ತಿದ್ದ ಅವೇ ಅಂಗಳಗಳ ಸಂತರು ಮಗಳ ಜ್ವರಕ್ಕೂ ಒದಗಬೇಕಿತ್ತು.

ಫಿಲೊಕ್ಸೆನಸ್ ಇಗರ್ಜಿಯಲ್ಲಿ ಜನ ಪ್ರಶ್ನೆಗಳನ್ನೂ ಕೇಳುತ್ತಿದ್ದರು. ಅನೂಪ್ ಎಂಬವನನ್ನು ನಿನ್ನ ಆಸ್ಪತ್ರೆಗೆ ಕರೆತರಲೇ ಎಂದು ಆ ಸಂತನ ದೇವರನ್ನು ಕೇಳಿದ ಚೀಟಿಯೊಂದು ಉಳಿದಿದೆ. ಇನ್ನೊಬ್ಬ ಯಾರೋ ಲೇವಾದೇವಿ ಅಂಗಡಿಯ ಬಗೆಗೂ ತೂಕದ ಕಚೇರಿಯ ಬಗೆಗೂ ಮಾತು ಎತ್ತಲೋ ಬೇಡವೋ ಎಂಬ ಸಂದಿಗ್ಧದಲ್ಲಿದ್ದ. ಅವನು ಎರಡು ಚೀಟಿ ಬರೆಸಿದ. ಒಂದರಲ್ಲಿ ನಿನ್ನ ಚಿತ್ತವಿದ್ದರೆ, ಇನ್ನೊಂದರಲ್ಲಿ ನಿನ್ನ ಚಿತ್ತವಿಲ್ಲದಿದ್ದರೆ. ಎರಡು ಬೇರೆ ಸಂಗ್ರಹಗಳಿಗೆ ಹೋಗಿ ಸೇರಿದ್ದ ಆ ಚೀಟಿಗಳು ಒಂದೇ ಕೈಯ ಜೋಡಿ ಎಂದು 1975ರಲ್ಲಿ ಹರ್ಬರ್ಟ್ ಯೂಟಿ ತೋರಿಸಿಕೊಟ್ಟರು. ದೇವರ ಮುಂದೆ ಎರಡು ಚೀಟಿ ಮಡಚಿಟ್ಟು ಒಂದನ್ನು ಎತ್ತಿಸುವ ನಮ್ಮ ಗುಡಿಗಳ ಪದ್ಧತಿಯನ್ನು ಬಲ್ಲ ಕನ್ನಡ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಜಿಪ್ಟಿನಲ್ಲೂ ಇದು ಕ್ರೈಸ್ತ ಧರ್ಮ ಬರುವ ಮೊದಲೇ ಇತ್ತು. ಫಯೂಮಿನ ಜನ ಮೊಸಳೆ ದೇವರು ಸೋಬೆಕ್‌ನ ಗುಡಿಯಲ್ಲಿ ಇದೇ ರೀತಿ ಜೋಡಿ ಚೀಟಿ ಇಟ್ಟು ಕೇಳುತ್ತಿದ್ದರು. ದೇವರು ಬದಲಾದ, ಬಾಗಿಲ ಮೇಲಿನ ಗುರುತು ಬದಲಾಯಿತು, ಚೀಟಿ ಉಳಿಯಿತು. ಇಗರ್ಜಿಯ ಒಳಗೇ, ಬಹುಶಃ ಅಲ್ಲಿನ ಸೇವಕರ ಕೈಯಿಂದಲೇ ನಡೆಯುತ್ತಿದ್ದ ಇದನ್ನು ಮಾಟ ಎಂದು ಹೊರಗಿಡುವುದು ನನ್ನ ಮಟ್ಟಿಗೆ ಅನ್ಯಾಯ.

ಈಗ ಬಿಷಪ್ಪನ ಬಳಿ ಹೋಗೋಣ. ನೈಲ್ ನದಿಯ ಮುಖಜ ಭೂಮಿಯಲ್ಲಿ ಥ್ಮೂಯಿಸ್ ಎಂಬ ಊರು. ನಾಲ್ಕನೆಯ ಶತಮಾನದ ನಡುವಿನಲ್ಲಿ ಅಲ್ಲಿ ಸರಪಿಯೋನ್ ಎಂಬವನು ಧರ್ಮಾಧ್ಯಕ್ಷ. ಸಂತ ಅಂತೋನಿಯ ಒಡನಾಡಿ, ಅಲೆಕ್ಸಾಂಡ್ರಿಯದ ಅಥನಾಸಿಯಸ್‌ನ ಸ್ನೇಹಿತ. ಅವನ ಹೆಸರಿನ ಮೂವತ್ತು ಪ್ರಾರ್ಥನೆಗಳ ಸಂಗ್ರಹವೊಂದು ಅಥೋಸ್ ಬೆಟ್ಟದ ಮಹಾ ಲಾವ್ರಾ ಮಠದ ಹನ್ನೊಂದನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದಿದೆ. ಪರಮಪ್ರಸಾದದ ಮಹಾಪ್ರಾರ್ಥನೆ, ದೀಕ್ಷಾಸ್ನಾನದ ನೀರಿನ ಮೇಲಿನ ಪ್ರಾರ್ಥನೆ, ಸತ್ತವರಿಗಾಗಿ ಪ್ರಾರ್ಥನೆ ಎಲ್ಲ ಅದರಲ್ಲಿವೆ. ರೋಗಿಗಳಿಗೆಂದು ತಂದ ಎಣ್ಣೆ, ರೊಟ್ಟಿ, ನೀರಿನ ಮೇಲೆ ಹೇಳುವ ಪ್ರಾರ್ಥನೆಯೂ ಇದೆ. ಇದನ್ನು ಹಚ್ಚಿಕೊಂಡವರ ಬಳಿಯಿಂದ ಎಲ್ಲ ಜ್ವರ, ನಡುಕ, ನಿಶ್ಶಕ್ತಿ ತೊಲಗಲಿ, ಅಶುದ್ಧ ಆತ್ಮಗಳು ಓಡಿಹೋಗಲಿ, ಪ್ರತಿಯೊಂದು ದೆವ್ವವನ್ನೂ ತಡೆಯುವ ರಕ್ಷೆಯಾಗಲಿ ಇದು ಎಂದು ಬಿಷಪ್ ಬೇಡಿಕೊಳ್ಳುತ್ತಾನೆ.

ಜ್ವರ, ನಡುಕ, ದುಷ್ಟಾತ್ಮ. ಯೊವಾನ್ನಿಯಾಳ ತಾಯಿತದಲ್ಲಿ ಸಾಲಾಗಿ ನಿಂತಿದ್ದ ಅವೇ ಮೂವರು ಶತ್ರುಗಳು ಬಿಷಪ್ಪನ ಪ್ರಾರ್ಥನಾಪುಸ್ತಕದಲ್ಲೂ ನಿಂತಿದ್ದಾರೆ. ತಾಯಿತ ಬರೆದವನು ಇಂಥ ಪ್ರಾರ್ಥನೆಗಳನ್ನು ಕಿವಿಯಾರೆ ಕೇಳಿ, ಬಾಯಿಪಾಠವಾಗಿ ಬೆಳೆದವನೆಂದು ನಾನು ನಂಬುತ್ತೇನೆ. ಅವನು ಇಗರ್ಜಿಯಿಂದ ಮಾತು ಕದಿಯಲಿಲ್ಲ. ಅದು ಅವನ ಮಾತೇ ಆಗಿತ್ತು.

ಈ ನಂಬಿಕೆಗೆ ಬಲ ಕೊಡುವ ಹೊತ್ತಿಗೆಯೊಂದು ಸ್ಪೇನಿನ ಮೊನ್‌ಸೆರಾಟ್ ಮಠದಲ್ಲಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಬರೆದದ್ದು. ಅದರ ಲ್ಯಾಟಿನ್ ಪುಟಗಳಲ್ಲಿ ಸಿಸೆರೋನ ಭಾಷಣಗಳಿವೆ, ಗ್ರೀಕ್ ಪುಟಗಳಲ್ಲಿ ಪೂಜೆಯ ಪ್ರಾರ್ಥನೆಗಳು. ಪರಮಪ್ರಸಾದದ ಕೃತಜ್ಞತಾಪ್ರಾರ್ಥನೆ ಮುಗಿಯುತ್ತಿದ್ದಂತೆ ರೋಗಿಗಳ ಮೇಲೆ ಕೈಯಿಟ್ಟು ಹೇಳುವ ಪ್ರಾರ್ಥನೆ, ಅದರ ಹಿಂದೆಯೇ ರೋಗಿಗಳ ಎಣ್ಣೆಯ ಮೇಲೆ ಹೇಳುವ ಉಚ್ಚಾಟನೆ. ಆ ಹೊತ್ತಿಗೆಯ ಒಡೆಯನಿಗೆ ಬಲಿಪೂಜೆಯೂ ಪೀಡೆ ಬಿಡಿಸುವುದೂ ಒಂದೇ ಕೆಲಸದ ಎರಡು ಪುಟಗಳಾಗಿದ್ದವು.

ಹಾಗಾದರೆ ತಾಯಿತ ಬರೆದುಕೊಡುತ್ತಿದ್ದವರು ಯಾರು? ಲವೊದಿಕೇಯದಲ್ಲಿ ನಾಲ್ಕನೆಯ ಶತಮಾನದಲ್ಲಿ ಸೇರಿದ ಸಭೆಯ 36ನೆಯ ನಿಯಮ ಗುರುಗಳೂ ಇತರ ಇಗರ್ಜಿ ಸೇವಕರೂ ಮಂತ್ರವಾದಿಗಳಾಗಬಾರದು, ತಾಯಿತ ಮಾಡಬಾರದು ಎನ್ನುತ್ತದೆ. ಮಾಡುವವರೇ ಇಲ್ಲದಿದ್ದರೆ ನಿಯಮ ಯಾಕೆ? ಐದನೆಯ ಶತಮಾನದಲ್ಲಿ ಮೇಲಣ ಈಜಿಪ್ಟಿನ ಬಿಳಿ ಮಠದ ಒಡೆಯ ಶೆನೂತೆ ಇದನ್ನು ಇನ್ನೂ ಹತ್ತಿರದಿಂದ ಕಂಡಿದ್ದ. ನರಿಯ ಉಗುರು, ಹಾವಿನ ತಲೆ, ಮೊಸಳೆಯ ಹಲ್ಲು ಕಟ್ಟಿಕೊಂಡು ಓಡಾಡುವ ಜನರನ್ನು ಕಂಡು ಅವನು ಕೆರಳುತ್ತಾನೆ. ನರಿಯುಗುರು ಕಟ್ಟಿಕೊಂಡವನನ್ನು ಕೇಳಿದರೆ, ಇದನ್ನು ಕೊಟ್ಟವರು ದೊಡ್ಡ ಸನ್ಯಾಸಿಗಳು ಎಂಬ ಉತ್ತರ ಬರುತ್ತದೆ. ಶೆನೂತೆಯ ಸಿಟ್ಟಿಗಿಂತ ಆ ಉತ್ತರ ಕೊಟ್ಟವನ ನಿರಾಳ ನನಗೆ ಹೆಚ್ಚು ಹೇಳುತ್ತದೆ. ಸನ್ಯಾಸಿ ಕೊಟ್ಟದ್ದೆಂದರೆ ಸಾಕಿತ್ತು, ಅದರಲ್ಲಿ ತಪ್ಪೇನಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಧರ್ಮಪಿತೃಗಳೂ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮ್ ಅಲೆಕ್ಸಾಂಡರ್ ದೊರೆಯ ತಾಮ್ರದ ನಾಣ್ಯಗಳನ್ನು ತಲೆಗೂ ಕಾಲಿಗೂ ಕಟ್ಟಿಕೊಳ್ಳುವವರನ್ನು ಖಂಡಿಸಿದ. ಹೆಂಗಸರೂ ಮಕ್ಕಳೂ ಶುಭಸಂದೇಶವನ್ನು ಕೊರಳಿಗೆ ತೂಗುಹಾಕಿಕೊಳ್ಳುವುದನ್ನು ಮಾತ್ರ ದೊಡ್ಡ ರಕ್ಷೆಯೆಂದು ಒಪ್ಪಿ ಉದಾಹರಿಸಿದ. ಉತ್ತರ ಆಫ್ರಿಕದ ಅಗಸ್ಟೀನ್ ತಲೆನೋವು ಬಂದವನು ತಾಯಿತದ ಹಿಂದೆ ಓಡುವ ಬದಲು ಯೊವಾನ್ನನ ಶುಭಸಂದೇಶವನ್ನು ತಲೆಯ ಬಳಿ ಇಟ್ಟುಕೊಂಡರೆ ಸಂತೋಷಪಡುತ್ತೇನೆ ಎಂದ. ಇಟ್ಟುಕೊಂಡಿದ್ದಕ್ಕೆ ಸಂತೋಷವಲ್ಲ, ಆ ಇನ್ನೊಂದು ದಾರಿ ಹಿಡಿಯಲಿಲ್ಲವಲ್ಲ ಎಂಬ ಸಂತೋಷ ಎಂದು ವಿವರಣೆಯನ್ನೂ ಕೊಟ್ಟ. ಜ್ವರ ಬಂದವರ ಕಷ್ಟವನ್ನು ಹತ್ತಿರದಿಂದ ಬಲ್ಲ ಪಾದ್ರಿಯ ಮಾತು ಇದು.

ಇಗರ್ಜಿಯ ಒಳಗಿನ ಪೂಜೆಯೂ ಮೈಯನ್ನು ಬಿಟ್ಟು ನಡೆಯುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ದೀಕ್ಷೆಗೆ ಬಂದವರ ಮುಖಕ್ಕೆ ಮುಸುಕು ಹಾಕಿ, ಉಸಿರು ಊದಿ ಪೀಡೆ ಬಿಡಿಸುತ್ತಿದ್ದರು. ಪಾಸ್ಕದ ರಾತ್ರಿ ಅವರು ಹೊರಗಿನ ಕೋಣೆಯಲ್ಲಿ ಕತ್ತಲ ದಿಕ್ಕಾದ ಪಡುವಣಕ್ಕೆ ಮುಖ ಮಾಡಿ, ಕೈ ಚಾಚಿ, ಎದುರಿಗೇ ನಿಂತಿದ್ದಾನೋ ಎಂಬಂತೆ ಸೈತಾನನನ್ನು ತೊರೆಯುತ್ತಿದ್ದರು. ಬಟ್ಟೆ ಕಳಚಿದ ಮೈಗೆ ನೆತ್ತಿಯಿಂದ ಪಾದದವರೆಗೆ ಮಂತ್ರಿಸಿದ ಎಣ್ಣೆ. ಹೊಸಬರಿಗೆ ಅಲ್ಲಿ ಕೊಟ್ಟ ಉಪದೇಶ ಇನ್ನೂ ಒಂದು ಸೂಕ್ಷ್ಮವನ್ನು ಹೇಳುತ್ತದೆ: ಪರಮಪ್ರಸಾದವನ್ನು ಬಾಯಿಗಿಡುವ ಮುನ್ನ ಕಣ್ಣಿಗೆ ಒತ್ತಿಕೊಳ್ಳಿ, ಬಟ್ಟಲಿನಿಂದ ಕುಡಿದ ಮೇಲೆ ತುಟಿಯ ಮೇಲೆ ತೇವ ಆರುವ ಮುನ್ನ ಅದನ್ನು ಬೆರಳಿನಿಂದ ಹಣೆಗೂ ಕಣ್ಣಿಗೂ ಸವರಿಕೊಳ್ಳಿ. ಹಾಗೆ ಕಲಿತ ಬೆರಳಿಗೆ ಅದೇ ಪ್ರಸಾದದ ಮಾತನ್ನು ಬರೆದು ಕೊರಳಿಗೆ ಕಟ್ಟಿಕೊಳ್ಳುವುದು ಎಷ್ಟು ದೂರ?

ಮಿಲಾನಿನ ಬಿಷಪ್ ಆಂಬ್ರೋಸ್ ತನ್ನ ಅಣ್ಣ ಸತೈರಸ್ ತೀರಿಕೊಂಡಾಗ ಅವನ ಬಗ್ಗೆ ಒಂದು ಘಟನೆ ಹೇಳಿದ. ಹಡಗು ಒಡೆದಾಗ ಸತೈರಸ್‌ಗೆ ಇನ್ನೂ ಪರಮಪ್ರಸಾದ ಸ್ವೀಕರಿಸುವ ಹಕ್ಕಿರಲಿಲ್ಲ. ಅವನು ಹಕ್ಕಿದ್ದವರಿಂದ ಅದನ್ನು ಬೇಡಿ ಪಡೆದು, ಬಟ್ಟೆಯಲ್ಲಿ ಕಟ್ಟಿ, ಕೊರಳಿಗೆ ಸುತ್ತಿಕೊಂಡು ಸಮುದ್ರಕ್ಕೆ ಹಾರಿದ. ತೇಲಲು ಒಂದು ಹಲಗೆಯನ್ನೂ ಹುಡುಕಲಿಲ್ಲ, ಬದುಕಿ ಬಂದ. ಆಂಬ್ರೋಸ್ ಇದನ್ನು ಅಣ್ಣನ ಶ್ರದ್ಧೆಯೆಂದು ಮೆಚ್ಚಿ ಹೇಳುತ್ತಾನೆ. ಇದೇ ಕೆಲಸವನ್ನು ಆಕ್ಸಿರಿಂಕಸ್‌ನ ಬಡ ತಾಯಿಯೊಬ್ಬಳು ಮಾಡಿದ್ದರೆ ಅವನ ಮಾತು ಹೇಗಿರುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಧರ್ಮಪಿತೃಗಳ ಜಗಳ ಮಾತಿನ ಬಗ್ಗೆ ಆದದ್ದಕ್ಕಿಂತ ಆ ಮಾತಿನ ಶಕ್ತಿ ಯಾರ ಕೈಯಲ್ಲಿರಬೇಕು ಎಂಬುದರ ಬಗ್ಗೆ ಆದದ್ದೇ ಹೆಚ್ಚು.

ಎಲ್ಲ ಬರಹಗಳೂ ಒಂದೇ ಎಂದು ಇದರ ಅರ್ಥವಲ್ಲ. ಪ್ಯಾರಿಸ್ಸಿನಲ್ಲಿರುವ ನಾಲ್ಕನೆಯ ಶತಮಾನದ ದೊಡ್ಡ ಮಾಂತ್ರಿಕ ಹೊತ್ತಿಗೆ ಯೇಸುವನ್ನು ಹೀಬ್ರೂಗಳ ದೇವರೆಂದು ಕರೆದು ಆಣೆಯಿಡುತ್ತದೆ; ಹೊರಗಿನವನೊಬ್ಬ ಬಲಶಾಲಿ ಹೆಸರೊಂದನ್ನು ಎರವಲು ತಂದದ್ದು ಅಲ್ಲಿ ಸ್ಪಷ್ಟ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿರುವ, ಏಳು-ಎಂಟನೆಯ ಶತಮಾನದ ಇಪ್ಪತ್ತು ಪುಟಗಳ ಕೋಪ್ಟಿಕ್ ಚರ್ಮದ ಹೊತ್ತಿಗೆಯಲ್ಲಿ ಉದ್ದುದ್ದ ಆವಾಹನೆಗಳ ಬೆನ್ನಿಗೆ 27 ಪ್ರಯೋಗಗಳಿವೆ. ಕಾಯಿಲೆ ವಾಸಿಮಾಡುವುದೂ ಒಬ್ಬರ ಮನಸ್ಸನ್ನು ಕಟ್ಟುವುದೂ ಅಲ್ಲಿ ಅಕ್ಕಪಕ್ಕ. ಇನ್ನೊಬ್ಬರ ಇಚ್ಛೆಯನ್ನು ಮುರಿಯುವ ಬರಹವನ್ನು ಯೊವಾನ್ನಿಯಾಳ ಪಟ್ಟಿಯ ಜೊತೆ ಒಂದೇ ತಕ್ಕಡಿಗೆ ಹಾಕಲು ನಾನು ಸಿದ್ಧನಿಲ್ಲ.

ಆ ಪಟ್ಟಿಯ ನಿಜವಾದ ಸೋದರಿ ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿದೆ. ದಶಕಗಳ ಕಾಲ ಅಲ್ಲೇ ಇದ್ದರೂ ಅದು ಸುದ್ದಿಯಾದದ್ದು 2014ರಲ್ಲಿ, ರೊಬೆರ್ತಾ ಮಾತ್ಸಾ ಅದನ್ನು ಕೂತು ಓದಿದ ಮೇಲೆ. ಆರನೆಯ ಶತಮಾನದ ಆ ಹಾಳೆಯ ಒಂದು ಬದಿ ಧಾನ್ಯದ ತೆರಿಗೆಯ ಹಳೆಯ ರಸೀದಿ. ಹಾಳೆ ದುಡ್ಡಿನ ವಸ್ತು, ಬಿಸಾಡುವಂತಿಲ್ಲ. ಇನ್ನೊಂದು ಬದಿಯಲ್ಲಿ, ಭೂಮಿಯನ್ನಾಳುವವರೆಲ್ಲ ಭಯಪಡಿ ಎಂಬ ಕರೆಯ ನಂತರ, ಕೀರ್ತನೆಯ ಮರಳುಗಾಡಿನ ಮನ್ನಾ ಬರುತ್ತದೆ. ಅದಕ್ಕೆ ಹೊಂದಿಕೊಂಡೇ ಹೊಸ ಒಡಂಬಡಿಕೆಯ ಮನ್ನಾ, ಅಂದರೆ ಪ್ರಭುವಿನ ಶರೀರ, ಪಾಪಕ್ಷಮೆಗಾಗಿ ಸುರಿದ ರಕ್ತ. ಬಲಿಪೂಜೆಯ ಎದೆಭಾಗವೇ ಅಲ್ಲಿದೆ. ಹಾಳೆಯ ಮೇಲೆ ಮಡಿಕೆಯ ಗುರುತುಗಳು. ಚಿಕ್ಕದಾಗಿ ಮಡಚಿ ಮೈಮೇಲೆ ಧರಿಸಿದ್ದು. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಪದಗಳು ಹಿಂದುಮುಂದಾಗಿವೆ. ಎದುರಿಗೆ ಪುಸ್ತಕವಿಟ್ಟು ನಕಲು ಮಾಡಿದವನ ತಪ್ಪುಗಳು ಇವಲ್ಲ, ಕೇಳಿ ಕೇಳಿ ನೆನಪಿನಲ್ಲಿ ಉಳಿದದ್ದನ್ನು ಬರೆದವನವು.

ಆ ತಪ್ಪುಗಳಿಗೇ ಈಗ ಬೆಲೆ. ಆ ಕಾಲದ ಪೂಜಾಪುಸ್ತಕಗಳು ಉಳಿದಿರುವುದು ಬೆರಳೆಣಿಕೆಯಷ್ಟು, ಅವೂ ಬಹುಪಾಲು ನಂತರದ ನಕಲುಗಳು. ತಾಯಿತಗಳೋ ಬರೆದ ದಿನದ ಹಾಳೆಗಳೇ. ಸಾಮಾನ್ಯ ಜನ ಕಂಬದ ಮರೆಯಲ್ಲಿ ನಿಂತು ಯಾವ ಪ್ರಾರ್ಥನೆ ಕೇಳುತ್ತಿದ್ದರು, ಅದರಲ್ಲಿ ಯಾವ ಸಾಲು ಅವರ ಬಾಯಲ್ಲಿ ನಿಂತಿತು ಎಂದು ತಿಳಿಯಬೇಕಾದ ವಿದ್ವಾಂಸರು ಇವನ್ನೇ ಬಿಡಿಸಿ ಓದುತ್ತಿದ್ದಾರೆ. ಥಿಯೊಡೋರ್ ದ ಬ್ರೂಯ್ನ್ 2017ರ ತಮ್ಮ ಪುಸ್ತಕದಲ್ಲಿ ತಾಯಿತ ಬರೆದ ಲಿಪಿಕಾರರ ಕೈಬರಹ, ಕಾಗುಣಿತ, ನೆನಪಿನ ಸಾಲುಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವರಲ್ಲಿ ಹಲವರು ಇಗರ್ಜಿಯ ಪೂಜೆಯಲ್ಲಿ ನುರಿತವರೆಂದು ತೋರಿಸಿದ್ದಾರೆ. ಒಂದು ಕಾಲದಲ್ಲಿ ಮಾಟದ ಕಪಾಟಿನಲ್ಲಿ ಬೇರೆಯಾಗಿ ಇಡುತ್ತಿದ್ದ ಈ ಹಾಳೆಗಳನ್ನು ಈಗ ಪೂಜಾವಿಧಿಯ ಚರಿತ್ರೆ ಬರೆಯುವವರೂ ಕೇಳಿ ತರಿಸಿಕೊಳ್ಳುತ್ತಾರೆ.