ವಸಡಿನ ವ್ಯಾಧಿಯೂ ಬೆಳಕಿನ ಚಿಕಿತ್ಸೆಯೂ

ಸುಶ್ರುತಸಂಹಿತೆಯಲ್ಲಿ ಹಲ್ಲಿನ ಮೂಲವನ್ನು ಆಶ್ರಯಿಸಿದ ರೋಗಗಳನ್ನು ಎಣಿಸುವಾಗ ಉಪಕುಶವೆಂಬುದೊಂದು ಬರುತ್ತದೆ. ವಸಡು ಉರಿದು ಕೀವುಗಟ್ಟುವುದು, ಹಲ್ಲು ಅಲುಗಾಡುವುದು, ಉಜ್ಜಿದೊಡನೆ ನೆತ್ತರು ಒಸರುವುದು, ನೋವು ಮಾತ್ರ ಮಂದವಾಗಿರುವುದು ಇದರ ಲಕ್ಷಣ. ಇಂದಿನ ದಂತವೈದ್ಯರು ಪೆರಿಯೊಡಾಂಟೈಟಿಸ್ ಎಂದು ಕರೆಯುವ ವ್ಯಾಧಿ ಇದಕ್ಕೆ ಬಹು ಸಮೀಪವಾದುದು. ನೋವು ಮಂದವೆಂಬ ಮಾತೇ ಇಲ್ಲಿ ಅನರ್ಥಕ್ಕೆ ಮೂಲ. ನೋಯದ ರೋಗವನ್ನು ಜನರು ಉಪೇಕ್ಷಿಸುವರು. ಹಲ್ಲು ಸಡಿಲಿದ ಮೇಲೆ ವೈದ್ಯನನ್ನು ಅರಸುವರು. ಬೀಡಿಯ ಕೈಗಾರಿಕೆಗೆ ಹೆಸರಾದ ಮಂಗಳೂರಿನ ಸೀಮೆಯಲ್ಲಿ ಇನ್ನೊಂದು ತೊಡಕುಂಟು: ಧೂಮಪಾನಿಯ ವಸಡಿನಿಂದ ರಕ್ತ ಕಡಮೆ ಒಸರುವುದರಿಂದ ರೋಗದ ಮೊದಲ ಸೂಚನೆಯೇ ಮರೆಯಾಗುತ್ತದೆ.

ಆರೋಗ್ಯವಂತನ ಹಲ್ಲಿಗೂ ವಸಡಿಗೂ ನಡುವಣ ಸಂದು 3 ಮಿಲಿಮೀಟರನ್ನು ಮೀರುವುದಿಲ್ಲ. ಹಲ್ಲಿಗೆ ಅಂಟಿದ ಪಾಚಿಯಲ್ಲಿ ಸೂಕ್ಷ್ಮಜೀವಿಗಳು ನೆಲೆಸಿ, ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಬಾತು, ಸಂದು ಆಳವಾಗಿ, ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತ ಹೋಗುತ್ತದೆ. ಪ್ರಾಚೀನರು ಈ ಕಿಟ್ಟವನ್ನು ದಂತಶರ್ಕರೆಯೆಂದರು. ಹಲ್ಲಿನ ಮೂಲಕ್ಕೆ ನೋವಾಗದಂತೆ ಅದನ್ನು ಕೆರೆದು ತೆಗೆಯಬೇಕೆಂದು ಸುಶ್ರುತನು ವಿಧಿಸಿದನು. ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ ಎಂಬ ಆಳವಾದ ಶುದ್ಧೀಕರಣದ ತಿರುಳೂ ಅದೇ: ವಸಡಿನೊಳಗಣ ಬೇರಿನ ಮೇಲ್ಮೈಯಿಂದ ಕಿಟ್ಟವನ್ನು ನೀಗಿ ಅದನ್ನು ನಯಗೊಳಿಸುವುದು. ಆದರೆ ಸಂದು ಬಹಳ ಆಳವಾದಲ್ಲಿಯೂ ದವಡೆಹಲ್ಲಿನ ಬೇರುಗಳು ಕವಲೊಡೆಯುವಲ್ಲಿಯೂ ಉಪಕರಣ ಸರಿಯಾಗಿ ತಲಪದು. ಬೆಳಕನ್ನು ನೆರವಿಗೆ ಕರೆದುದು ಈ ಕೊರತೆಯನ್ನು ತುಂಬಲೆಂದು.

ಮ್ಯೂನಿಕ್ ನಗರದಲ್ಲಿ ಟಾಪೈನರ್ ಎಂಬ ಆಚಾರ್ಯನ ಶಿಷ್ಯ ಆಸ್ಕರ್ ರಾಬ್ ಎಂಬವನು ಅಕ್ರಿಡೀನ್ ವರ್ಣದ್ರವ್ಯವೂ ಬೆಳಕೂ ಕೂಡಿದಾಗ ಪ್ಯಾರಾಮೀಸಿಯಂ ಎಂಬ ಏಕಕೋಶಜೀವಿಗಳು ಸಾಯುವುದನ್ನು ಕಂಡು 1900ರಲ್ಲಿ ಪ್ರಕಟಿಸಿದನು. ವಸಡಿನ ಚಿಕಿತ್ಸೆಯಲ್ಲಿಯೂ ತತ್ತ್ವ ಇದೇ. ಶುದ್ಧಮಾಡಿದ ಸಂದಿಗೆ ಮೆಥಿಲೀನ್ ಬ್ಲೂ ಅಥವಾ ಟೊಲ್ಯುಡೀನ್ ಬ್ಲೂ ಎಂಬ ನೀಲವರ್ಣವನ್ನು ತುಂಬಿ, ತೆಳುವಾದ ನಳಿಕೆಯಿಂದ ಕೆಂಪು ಬೆಳಕನ್ನು ಹಾಯಿಸುತ್ತಾರೆ. ವರ್ಣವು ಬೆಳಕಿನ ಶಕ್ತಿಯನ್ನು ಹೀರಿ ಆಮ್ಲಜನಕಕ್ಕೆ ವರ್ಗಾಯಿಸುತ್ತದೆ. ಕೆರಳಿದ ಆ ಆಮ್ಲಜನಕ ಸೂಕ್ಷ್ಮಜೀವಿಯ ಪೊರೆಯನ್ನು ಒಡೆದು, ಹುಟ್ಟಿದ ಕ್ಷಣದಲ್ಲಿಯೇ ನಂದಿಹೋಗುತ್ತದೆ. ತೊನ್ನಿಗೆ ಬಾವಂಚಿ ಬೀಜವನ್ನು ಪ್ರಯೋಗಿಸಿ ಮೈಯನ್ನು ಬಿಸಿಲಿಗೊಡ್ಡುವ ನಮ್ಮ ಹಳೆಯ ಪದ್ಧತಿಯಲ್ಲಿಯೂ ಔಷಧ ಬೆಳಕುಗಳ ಸಂಯೋಗವಿದೆ. ಆದರೆ ಅಲ್ಲಿ ಗುರಿ ಮೈಬಣ್ಣ, ಇಲ್ಲಿ ಸೂಕ್ಷ್ಮಜೀವಿ.

ತತ್ತ್ವ ಮನೋಹರವಾದುದೇ ಸರಿ, ಫಲವೆಷ್ಟು? ಐರೋಪ್ಯ ವಸಡುವೈದ್ಯ ಸಂಘಗಳ ಒಕ್ಕೂಟವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಶುದ್ಧೀಕರಣಕ್ಕೆ ಈ ಬೆಳಕನ್ನು ಜೋಡಿಸಬೇಕಾಗಿಲ್ಲವೆಂದು ಸೂಚಿಸಿತು. 2024ರ ಕಾಕ್ರೇನ್ ಸಮೀಕ್ಷೆಯೂ ಸಾಕ್ಷ್ಯ ತೀರ ದುರ್ಬಲವೆಂದೂ ಕಂಡ ವ್ಯತ್ಯಾಸ ರೋಗಿಗೆ ಉಪಯುಕ್ತವೆನಿಸುವಷ್ಟು ದೊಡ್ಡದಲ್ಲವೆಂದೂ ನಿರ್ಣಯಿಸಿತು. ಕಾರಣ ದುರೂಹವಲ್ಲ. ಬೆಳಕು ಜೀವಾಣುವನ್ನು ಕೊಲ್ಲಬಲ್ಲುದೇ ಹೊರತು ಕಲ್ಲಾದ ಕಿಟ್ಟವನ್ನು ಕೀಳಲಾರದು. ಕಿಟ್ಟ ಉಳಿದರೆ ಜೀವಾಣು ಮತ್ತೆ ಬಂದು ಮನೆಮಾಡುವುದು.

ಈ ವಿವೇಚನೆ ಮಂಗಳೂರಿಗೆ ಅನ್ಯವಲ್ಲ. ದೇರಳಕಟ್ಟೆಯ ಎ. ಬಿ. ಶೆಟ್ಟಿ ಸ್ಮಾರಕ ದಂತವಿಜ್ಞಾನ ಸಂಸ್ಥೆ 1985ರಲ್ಲಿಯೂ, ಲೈಟ್‌ಹೌಸ್ ಹಿಲ್‌ನಲ್ಲಿರುವ ಮಣಿಪಾಲ ದಂತವಿಜ್ಞಾನ ಕಾಲೇಜು 1987ರಲ್ಲಿಯೂ ಆರಂಭವಾದುವು. ಇವುಗಳಲ್ಲಿ ಎರಡನೆಯದು ಮಣ್ಣಗುಡ್ಡದ ನಿವಾಸಿಗೆ ಬಹುದೂರವಲ್ಲ. ಲೇಸರ್ ಎಂಬ ಹೆಸರಿಗೆ ಮರುಳಾಗುವ ರೋಗಿ ಮೊದಲು ಕೇಳಬೇಕಾದುದು ಎರಡೇ: ತನ್ನ ವಸಡಿನ ಸಂದು ಎಷ್ಟು ಮಿಲಿಮೀಟರ್ ಆಳ, ಶುದ್ಧೀಕರಣವಾಗಿ ಸುಮಾರು ಮೂರು ತಿಂಗಳ ತರುವಾಯ ಅದನ್ನು ಮರಳಿ ಅಳೆಯುವರೇ ಎಂಬುದು.