ಭೂಪಟದಲ್ಲಿ ಹಿಮಕ್ರೀಡೆ, ದೇಹದಲ್ಲಿ ಎತ್ತರ

2026ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಜರುಗಿದ ಚಳಿಗಾಲದ ಒಲಿಂಪಿಕ್ಸ್ ಒಂದೇ ಊರಿನದಾಗಿರಲಿಲ್ಲ. ಮಿಲಾನ್, ಕೊರ್ಟಿನಾ, ಬೋರ್ಮಿಯೊ, ಲಿವಿನ್ಯೊ ಎಂದು ಹಲವೆಡೆ ಹರಡಿದ್ದ ಕೂಟವನ್ನು ಪುಣೆಯಲ್ಲಿ ಕುಳಿತು ಅರಿಯಲು ಅಂತರ್ಜಾಲದ ಭೂಪಟವೇ ತಕ್ಕ ಕೈಪಿಡಿ. ಅದರಲ್ಲಿ ದೂರಕ್ಕಿಂತ ಎತ್ತರವೇ ಗಮನಾರ್ಹ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್. ಲಿವಿನ್ಯೊ ಸುಮಾರು 1,800. ಕೊಡಗಿನ ಸ್ಕೀ ಪಟು ತೆಕ್ಕಡ ಭವಾನಿ ಸ್ಪರ್ಧಿಸಿದ ಗುಲ್ಮಾರ್ಗ್ 2,600ಕ್ಕೂ ಮೇಲು.

ಎತ್ತರ ಏರಿದಂತೆ ವಾಯುಭಾರ ಕುಗ್ಗಿ, ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಕಡಿಮೆಯಾಗುತ್ತದೆ. ಕ್ರೀಡಾಪಟುಗಳು ಮುಂಚಿತವಾಗಿ ತೆರಳಿ ದೇಹವನ್ನು ಒಗ್ಗಿಸಿಕೊಳ್ಳುವುದು ಇದಕ್ಕಾಗಿಯೇ. ಬೇಸಿಗೆ ರಜೆಯಲ್ಲಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ವಿಮಾನವೇರುವ ಕನ್ನಡ ಕುಟುಂಬವೂ ಮೊದಲು ಭೂಪಟ ನೋಡಲಿ; ತಲುಪಿದ ಮೊದಲೆರಡು ದಿನ ವಿಶ್ರಮಿಸಲಿ. ತಲೆನೋವು, ವಾಕರಿಕೆ ಹೆಚ್ಚಿದರೆ ಮತ್ತೆ ಮೇಲೇರದೆ ಕೆಳಗಿಳಿಯುವುದೇ ಮೊದಲ ಮದ್ದು.